ಐನ್‌ಮನೆ ಗುಂಪಿನಲ್ಲಿ ಡೂಮ್

ಭಾನುವಾರ ನಮ್ಮ ಕೊಡವ ಕುಟುಂಬದ ‘ಐನ್‌ಮನೆ’ (ಎಂದರೆ ಹಿರಿಯರ ಮೂಲಮನೆ) ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆಯನ್ನು, ಕೈಮುಗಿದ ಚಿತ್ರಗಳನ್ನೂ ಶುಭೋದಯಗಳನ್ನೂ ಬಿಟ್ಟು, ಇದ್ದಂತೆಯೇ ಕೊಟ್ಟಿದ್ದೇನೆ. ದೊಡ್ಡಪ್ಪನವರಿಗೆ ತುಂಡು ಕನ್ನಡ ಹಿಡಿಸುವುದಿಲ್ಲವಾದ್ದರಿಂದ ಇಲ್ಲಿ ಎಲ್ಲರೂ ಪೂರ್ತಿ ವಾಕ್ಯಗಳಲ್ಲಿಯೇ ಜಗಳವಾಡುತ್ತಾರೆ.

ಸೋಮವಾರಪೇಟೆ ಅತ್ತೆ (ಹಲವು ಬಾರಿ ಫಾರ್ವರ್ಡ್ ಆದದ್ದು): ಪೋಷಕರೇ ಎಚ್ಚರ! 1993ರ ಡೂಮ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟವನ್ನು ಹೊಸ ರೂಪದಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದಾರೆ. ಜರ್ಮನಿ ಇದನ್ನು ಶಾಶ್ವತವಾಗಿ ನಿಷೇಧಿಸಿದೆ. ಮಕ್ಕಳ ಕಂಪ್ಯೂಟರನ್ನು ಇಂದೇ ಪರೀಕ್ಷಿಸಿ, ಎಲ್ಲ ಗುಂಪುಗಳಿಗೂ ಕಳುಹಿಸಿ.

ಸೋಮವಾರಪೇಟೆ ಅತ್ತೆ: ಯಾರನ್ನೂ ಉದ್ದೇಶಿಸಿ ಹಾಕಿದ್ದಲ್ಲ. ಆದರೆ ನಾನು ಸಿದ್ದಾಪುರದಲ್ಲಿ ಉಳಿದುಕೊಂಡಿದ್ದಾಗ ನಡುರಾತ್ರಿಯಲ್ಲಿ ಢಂ ಢಂ ಎಂಬ ಸದ್ದು ಕೇಳಿದ್ದನ್ನು ಮರೆತಿಲ್ಲ.

ಸಿದ್ದಾಪುರ ಅಕ್ಕ: ಅತ್ತೆ, ಅಂದು ತೋಟಕ್ಕೆ ಆನೆ ಬಂದಿತ್ತು, ಪಕ್ಕದವರು ಪಟಾಕಿ ಹೊಡೆದು ಓಡಿಸುತ್ತಿದ್ದರು. 2025ರಲ್ಲಿ ಬಂದ ಡೂಮ್‌ಗೆ ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ಕೆಲಸ, ಮಾಡಬಲ್ಲ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು, ಡಿಸ್ಕ್‌ನಲ್ಲಿ 100 ಜಿಬಿ ಜಾಗ ಬೇಕು. ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಅದು ತೆರೆಯುವುದೇ ಇಲ್ಲವೆಂದು ನನ್ನ ಮಗ ತಿಂಗಳುಗಟ್ಟಲೆ ಗೊಣಗಿದ್ದಾನೆ.

ಮೈಸೂರು ಭಾವ: ಈ ಸುದ್ದಿಯ ಮೂಲ ಯಾವುದು ಎಂದು ದಯವಿಟ್ಟು ತಿಳಿಸಬೇಕು. ಜರ್ಮನಿ 1994ರಲ್ಲಿ ಡೂಮ್ ಅನ್ನು ಮಕ್ಕಳಿಗೆ ಹಾನಿಕರವಾದವುಗಳ ಪಟ್ಟಿಗೆ ಸೇರಿಸಿದ್ದು ನಿಜ. ಅದರರ್ಥ ಜಾಹೀರಾತು ಕೊಡಬಾರದು, ಎಳೆಯರಿಗೆ ಮಾರಬಾರದು ಎಂದಷ್ಟೇ ಹೊರತು ದೊಡ್ಡವರು ಆಡಬಾರದು ಎಂದಲ್ಲ. 2011ರಲ್ಲಿ ಆ ಪಟ್ಟಿಯಿಂದಲೂ ತೆಗೆದುಹಾಕಿದರು. ಇನ್ನು ಹೊಸ ರೂಪವೆಂದರೆ ಯಾವುದು? 2016ರದೇ, 2020ರದೇ, 2025ರದೇ?

(ಇದಕ್ಕೆ ಯಾರೂ ಉತ್ತರಿಸಲಿಲ್ಲ. ಜರ್ಮನಿಯ ವಿಷಯ ಇಲ್ಲಿಗೇ ಮುಗಿಯಿತು.)

ವಿರಾಜಪೇಟೆ ದೊಡ್ಡಪ್ಪ: ಪಟ್ಟಿ ಯಾವುದಾದರೂ ಇರಲಿ, ಕೋವಿ ಆಟದ ಸಾಮಾನಲ್ಲ. ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬದಂದು ಗಂಧ ಹಚ್ಚಿ, ತೋಕ್ ಪೂ ಮುಡಿಸಿ, ಹಿರಿಯರಿಗೆ ನಮಸ್ಕರಿಸಿದ ಮೇಲೆಯೇ ನಾವು ಅದನ್ನು ಕೈಗೆತ್ತಿಕೊಳ್ಳುತ್ತಿದ್ದೆವು. ತೆಂಗಿನಕಾಯಿಗೆ ಗುರಿ ಇಡುವಾಗಲೂ ಉಸಿರು ಬಿಗಿಹಿಡಿದು ನಿಲ್ಲಬೇಕು. ಪರದೆಯ ಮುಂದೆ ಕುಳಿತು ಕಂಡಕಂಡದ್ದಕ್ಕೆ ಹೊಡೆಯುವವನಿಗೆ ಆ ಶಿಸ್ತು ಎಲ್ಲಿಂದ ಬರಬೇಕು?

ಬೆಂಗಳೂರು ಅಣ್ಣ: ದೊಡ್ಡಪ್ಪ, ನೀವು ಹೇಳುವುದು ಸರಿ. ಆದರೂ ಡೂಮ್ ಎಂದ ಕೂಡಲೇ ನನಗೆ ಅಜ್ಜನ ಕಂಪ್ಯೂಟರ್ ಕಣ್ಣಮುಂದೆ ಬರುತ್ತದೆ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿದ್ದರಿಂದಲ್ಲವೇ ಮರುವರ್ಷ ತೋಟದ ಲೆಕ್ಕಕ್ಕೆಂದು ಅದನ್ನು ತಂದದ್ದು? 4 ಎಂಬಿ ಮೆಮೊರಿಯಲ್ಲಿ ಡೂಮ್ ಓಡುತ್ತಿತ್ತು. ಮೊದಲ ಭಾಗದ ಒಂಬತ್ತು ಹಂತಗಳನ್ನು ಕಂಪನಿಯವರೇ ಉಚಿತವಾಗಿ ಹಂಚಿದ್ದರಿಂದ ಗೆಳೆಯರ ಫ್ಲಾಪಿಗಳಿಂದ ಹಾಕಿಕೊಂಡಿದ್ದೆ. ಬೇರೆ ಯಾವುದನ್ನೂ ಹಾಕಿರಲಿಲ್ಲ. ಆ ಆಟದಲ್ಲಿ ತಲೆ ಎತ್ತಿ ನೋಡುವಂತೆಯೇ ಇರಲಿಲ್ಲ; ರಾಕ್ಷಸ ಎತ್ತರದ ಕಟ್ಟೆಯ ಮೇಲೆ ನಿಂತಿದ್ದರೂ ನೇರಕ್ಕೆ ಹೊಡೆದರೆ ಸಾಕು, ಗುಂಡು ತಾನಾಗಿಯೇ ಮೇಲಕ್ಕೆ ಹೋಗಿ ತಾಗುತ್ತಿತ್ತು. ಮಳೆಗಾಲದಲ್ಲಿ ಇನ್ನೇನು ಕೆಂಪು ಕೀಲಿ ಸಿಕ್ಕಿತು ಎನ್ನುವಾಗ ಕರೆಂಟ್ ಹೋಗುತ್ತಿತ್ತು.

ವಿರಾಜಪೇಟೆ ದೊಡ್ಡಪ್ಪ: ತಾನಾಗಿಯೇ ತಾಗುವುದಾದರೆ ಗುರಿ ಎಂಬುದಕ್ಕೆ ಬೆಲೆ ಏನು?

ಸೋಮವಾರಪೇಟೆ ಅತ್ತೆ: ಕಂಪ್ಯೂಟರಿನ ನೆನಪನ್ನು ತೆಗೆದವರು ನೀವೇ ಆದ್ದರಿಂದ ಹೇಳುತ್ತೇನೆ. ಮುಂದಿನ ವರ್ಷ ಅದರಲ್ಲಿದ್ದ ತೋಟದ ಲೆಕ್ಕವೆಲ್ಲ ಅಳಿಸಿಹೋದಾಗ ಎಲ್ಲರೂ ನನ್ನ ಮಗನ ಕಡೆಗೆ ಬೆರಳು ತೋರಿಸಿದಿರಿ. ಅವನಿಗೆ ಆಗ ಒಂಬತ್ತು ವರ್ಷ, ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಆವತ್ತು ಒಬ್ಬರಾದರೂ ಮೂಲ ಕೇಳಿದಿರಾ?

ಮೈಸೂರು ಭಾವ: ನಾನು ಆಗ ಈ ಮನೆಗೆ ಅಳಿಯನಾಗಿ ಬಂದಿರಲಿಲ್ಲ, ಅತ್ತೆ.

ವಿರಾಜಪೇಟೆ ದೊಡ್ಡಪ್ಪ: ಹಳೆಯದನ್ನು ಕೆದಕುವುದು ಬೇಡ, ತಂಗಿ. ಆ ಆಟವನ್ನು ನಾನೂ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಉಳಿದದ್ದೆಲ್ಲ ಗದ್ದಲ, ಆದರೆ ಅದರ ಡಬಲ್ ಬ್ಯಾರೆಲ್ ಕೋವಿಯನ್ನು ಬರೆದವನಿಗೆ ಕೋವಿ ಗೊತ್ತಿತ್ತು. ನಳಿಗೆ ಮುರಿದು, ಎರಡು ತೋಟಾ ಇಟ್ಟು, ಟಕ್ಕೆಂದು ಮುಚ್ಚುವುದನ್ನು ಸರಿಯಾಗಿ ತೋರಿಸಿದ್ದರು.

ಮೈಸೂರು ಭಾವ: ಕ್ಷಮಿಸಿ ಮಾವ, ಇಲ್ಲೊಂದು ತೊಡಕಿದೆ. 1993ರ ಡೂಮ್‌ನಲ್ಲಿ ಡಬಲ್ ಬ್ಯಾರೆಲ್ ಇರಲಿಲ್ಲ. ಅದರಲ್ಲಿದ್ದ ಶಾಟ್‌ಗನ್‌ಗೆ ತೋಟಾ ತುಂಬಿಸುವುದನ್ನು ತೋರಿಸುವುದೇ ಇಲ್ಲ. ನೀವು ಹೇಳಿದ ಕೋವಿ ಬಂದದ್ದು 1994ರ ಎರಡನೆಯ ಡೂಮ್‌ನಲ್ಲಿ, ಅದನ್ನು ಉಚಿತವಾಗಿ ಹಂಚಿರಲಿಲ್ಲ. ಅಂದರೆ ಆ ಕಂಪ್ಯೂಟರಿಗೆ ಎರಡನೆಯ ಆಟವನ್ನೂ ಯಾರೋ ಹಾಕಿದ್ದಾರೆ, ಅದಕ್ಕೆ ಜಾಗವನ್ನೂ ಎಲ್ಲಿಂದಲೋ ತೆರವು ಮಾಡಿದ್ದಾರೆ.

ಬೆಂಗಳೂರು ಅಣ್ಣ: ಭಾವ, ಮೂವತ್ತು ವರ್ಷದ ಹಿಂದಿನ ಹಾರ್ಡ್ ಡಿಸ್ಕ್ ವಿಚಾರಣೆ ಈಗ ಅಗತ್ಯವೇ?

ಬೆಂಗಳೂರು ಅಣ್ಣ: ಈ ಸಂದೇಶವನ್ನು ಅಳಿಸಲಾಗಿದೆ.

ಸೋಮವಾರಪೇಟೆ ಅತ್ತೆ: ಅಳಿಸುವ ಮೊದಲೇ ಓದಿಯಾಯಿತು. ಲೆಕ್ಕ ಅಳಿಸಿದವನು ನನ್ನ ಮಗನಲ್ಲವೆಂದು ದೊಡ್ಡವರು ಇದೇ ಗುಂಪಿನಲ್ಲಿ ಬರೆದು ತಿಳಿಸಬೇಕು, ಅಣ್ಣ.

ವಿರಾಜಪೇಟೆ ದೊಡ್ಡಪ್ಪ: ಊಟವಾದ ಮೇಲೆ ಬರೆಯುತ್ತೇನೆ. ಅಷ್ಟರಲ್ಲಿ ಸಿದ್ದಾಪುರದ ಹುಡುಗನನ್ನು ಯಾರಾದರೂ ಕೇಳಿ, ಹೊಸ ಆಟದಲ್ಲಿಯೂ ಆ ಡಬಲ್ ಬ್ಯಾರೆಲ್ ಉಳಿಸಿಕೊಂಡಿದ್ದಾರೆಯೇ?

ಸಿದ್ದಾಪುರ ಅಕ್ಕ: ಇದೆಯಂತೆ, ದೊಡ್ಡಪ್ಪ.