12 ವೋಲ್ಟ್ ಎಲ್‌ಇಡಿ ಸ್ಟ್ರಿಪ್‌ಗೆ ಡಿಮ್ಮರ್: ಎಸ್‌ಎಂಪಿಎಸ್‌ನ ಯಾವ ಕಡೆ, ಹೇಗೆ?

ಪ್ರಶ್ನೆ: ಸರ್, ಹಾಲ್‌ನ ಪಿಒಪಿ ಸೀಲಿಂಗ್ ಅಂಚಿನಲ್ಲಿ 5 ಮೀಟರ್ ಎಲ್‌ಇಡಿ ಸ್ಟ್ರಿಪ್ ಇದೆ. 2835 ಎಲ್‌ಇಡಿ, ಮೀಟರ್‌ಗೆ 120. 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್‌ನಲ್ಲಿ (ಮನೆ ಕರೆಂಟನ್ನು 12 ವೋಲ್ಟ್ ಡಿಸಿ ಮಾಡಿಕೊಡೋ ಪವರ್ ಸಪ್ಲೈ ಡಬ್ಬಿ) ಓಡ್ತಿದೆ. ರಾತ್ರಿ ಟಿವಿ ನೋಡುವಾಗ ಬೆಳಕು ಜಾಸ್ತಿಯಾಗುತ್ತೆ. ಸ್ವಿಚ್ ಬೋರ್ಡ್‌ನಲ್ಲೇ ಒಂದು ಫ್ಯಾನ್ ರೆಗ್ಯುಲೇಟರ್ ಹಾಕಿ ಎಸ್‌ಎಂಪಿಎಸ್‌ಗೆ ಹೋಗೋ ಕರೆಂಟನ್ನೇ ಕಡಿಮೆ ಮಾಡಬಹುದಾ?

ಉತ್ತರ: ಬೇಡ ಸರ್. ಎಸ್‌ಎಂಪಿಎಸ್ ಬಂದ 230 ವೋಲ್ಟನ್ನು ಮೊದಲು ರೆಕ್ಟಿಫೈ ಮಾಡಿ, ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಮಾಡಿಟ್ಟುಕೊಳ್ಳುತ್ತೆ. ಒಳಗೆ ಬರೋದು ಏರಿಳಿದರೂ ಹೊರಗೆ 12 ವೋಲ್ಟ್ ಕದಲದ ಹಾಗೆ ನೋಡಿಕೊಳ್ಳೋದೇ ಅದರ ಕೆಲಸ. ಆದ್ದರಿಂದ ರೆಗ್ಯುಲೇಟರ್ ಒಂದಷ್ಟು ತಿರುಗಿಸುವವರೆಗೂ ಬೆಳಕು ಬದಲಾಗೋದೇ ಇಲ್ಲ. ಇನ್ನೂ ತಿರುಗಿಸಿದರೆ ಎಸ್‌ಎಂಪಿಎಸ್ ಆಫ್ ಆಗುತ್ತೆ, ಮತ್ತೆ ಸ್ಟಾರ್ಟ್ ಆಗುತ್ತೆ, ಸ್ಟ್ರಿಪ್ ಮಿಣುಕುತ್ತೆ. ಟ್ರಯಾಕ್ ರೆಗ್ಯುಲೇಟರ್ (ಎಸಿ ಅಲೆಯ ಒಂದು ಭಾಗ ಕತ್ತರಿಸೋದು) ಆದರೆ ಪ್ರತಿ ಅರ್ಧ ಸೈಕಲ್‌ನಲ್ಲೂ ವೋಲ್ಟೇಜ್ ದಿಢೀರನೆ ಏರಿ ಕೆಪಾಸಿಟರ್‌ಗೆ ಕರೆಂಟ್ ನುಗ್ಗುತ್ತೆ. ಕೆಪಾಸಿಟರ್ ಬಿಸಿಯಾಗಿ ಉಬ್ಬೋದು, ರೆಕ್ಟಿಫೈ ಮಾಡೋ ಬ್ರಿಡ್ಜ್ ಅಥವಾ ಫ್ಯೂಸ್ ಹೋಗೋದು ಇದರಿಂದಲೇ. ಡಿಮ್ಮರ್ ಹಾಕಬೇಕಾದ ಜಾಗ ಎಸ್‌ಎಂಪಿಎಸ್‌ಗೂ ಸ್ಟ್ರಿಪ್‌ಗೂ ನಡುವೆ, 12 ವೋಲ್ಟ್ ಕಡೆ.

ಪ್ರಶ್ನೆ: ಎಸ್‌ಎಂಪಿಎಸ್ ಟರ್ಮಿನಲ್ ಪಕ್ಕದಲ್ಲಿ ಸಣ್ಣ ಪ್ರಿಸೆಟ್ (ಔಟ್‌ಪುಟ್ ವೋಲ್ಟೇಜ್ ಹೊಂದಿಸೋ ತಿರುಪು) ಇದೆಯಲ್ಲ, ಅದನ್ನು ತಿರುಗಿಸಿದರೆ ಬೆಳಕು ಸ್ವಲ್ಪ ತಗ್ಗುತ್ತೆ. ಅದರ ಬದಲು ಹೊರಗೆ ಒಂದು ಪಾಟ್ (ತಿರುಗಿಸಿ ರೆಸಿಸ್ಟೆನ್ಸ್ ಬದಲಿಸೋ ನಾಬ್) ತಂದರೆ ಸಾಲದಾ? ಇಲ್ಲಾಂದ್ರೆ ಸೀರೀಸ್‌ನಲ್ಲಿ ರೆಸಿಸ್ಟರ್?

ಉತ್ತರ: ತಗ್ಗೋದು ನಿಜ. ಸ್ಟ್ರಿಪ್‌ನಲ್ಲಿ ಮೂರು ಮೂರು ಎಲ್‌ಇಡಿ ಸೀರೀಸ್‌ನಲ್ಲಿರುತ್ತವೆ. ಅವು ಸುಮಾರು 9 ವೋಲ್ಟ್ ತಗೊಂಡರೆ ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ ಬೀಳುತ್ತೆ. ವೋಲ್ಟೇಜ್ 10.8ಕ್ಕೆ ಇಳಿಸಿದರೆ ರೆಸಿಸ್ಟರ್ ಮೇಲೆ 1.8 ವೋಲ್ಟ್ ಮಾತ್ರ, ಅಂದರೆ ಕರೆಂಟ್ ಶೇ 60ರ ಆಸುಪಾಸು. ಆದರೆ ಪ್ರಿಸೆಟ್ ಸಾಮಾನ್ಯವಾಗಿ ಶೇ 10ರಷ್ಟು ಮೇಲೆ ಕೆಳಗೆ ಹೋಗೋಕೆ ಮಾತ್ರ ಇರೋದು, ಅದಕ್ಕಿಂತ ಕೆಳಗೆ ಇಳಿಯಲ್ಲ. ಅದಕ್ಕೆ ಉದ್ದ ವೈರ್ ಹಾಕಿ ಹೊರಗೆ ತಂದರೆ ಔಟ್‌ಪುಟ್ ಅಳೆದು ಸರಿಪಡಿಸೋ ಫೀಡ್‌ಬ್ಯಾಕ್‌ಗೆ ನಾಯ್ಸ್ ಸೇರುತ್ತೆ. ವೈರ್ ಬಿಟ್ಟುಹೋದರೆ ಔಟ್‌ಪುಟ್ ಎಷ್ಟಕ್ಕೆ ಏರುತ್ತೋ ಹೇಳಕ್ಕಾಗಲ್ಲ. ಜೊತೆಗೆ ಡಬ್ಬಿ ಬಿಚ್ಚಿದರೆ ಆ 325 ವೋಲ್ಟ್ ಕೆಪಾಸಿಟರ್ ಕೈಗೆ ಸಿಗುವಷ್ಟು ಹತ್ತಿರ ಇರುತ್ತೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತೆ. ಡಬ್ಬಿ ಬಿಚ್ಚೋ ಕೆಲಸವೇ ಬೇಡ.

ಸೀರೀಸ್ ರೆಸಿಸ್ಟರ್ ಅಂದರೆ ಬರೀ ಶಾಖ. ನಿಮ್ಮ ಸ್ಟ್ರಿಪ್ ಮೀಟರ್‌ಗೆ 9.6 ವ್ಯಾಟ್, 5 ಮೀಟರ್‌ಗೆ 48 ವ್ಯಾಟ್, 4 ಆಂಪಿಯರ್. ಕರೆಂಟ್ ಅರ್ಧ ಆಗಬೇಕಾದರೆ 1.5 ವೋಲ್ಟ್ ಬೀಳಿಸಬೇಕು, ಆಗ 3 ವ್ಯಾಟ್ ರೆಸಿಸ್ಟರ್‌ನಲ್ಲೇ ಸುಡುತ್ತೆ. ಅಂಗಡಿಯ ಮಾಮೂಲಿ ಪಾಟ್ ಅರ್ಧ ವ್ಯಾಟ್‌ನದ್ದೂ ಇರಲ್ಲ, ಟ್ರ್ಯಾಕ್ ಸುಟ್ಟುಹೋಗುತ್ತೆ.

ಇದಕ್ಕೆ ಸರಿಯಾದ ದಾರಿ ಪಿಡಬ್ಲ್ಯೂಎಂ. ವೋಲ್ಟೇಜ್ 12 ಇರಲಿ, ಸ್ಟ್ರಿಪ್ಪನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಆನ್ ಆಫ್ ಮಾಡಿ. ಆನ್ ಇರೋ ಹೊತ್ತು ಎಷ್ಟೋ ಬೆಳಕು ಅಷ್ಟು. ಬಣ್ಣವೂ ಬದಲಾಗಲ್ಲ.

ಪ್ರಶ್ನೆ: ನಾನೇ ಮಾಡಿಕೊಳ್ಳೋಣ ಅಂತ. ಬೆಸುಗೆ ಹಾಕೋಕೆ ಬರುತ್ತೆ. ಸರ್ಕ್ಯೂಟ್ ಹೇಳ್ತೀರಾ?

ಉತ್ತರ: ಬೇಕಾಗಿರೋದು: ಒಂದು ಎನ್‌ಇ555 (ಆನ್ ಆಫ್ ಪಲ್ಸ್ ಕೊಡೋ ಟೈಮರ್ ಐಸಿ), ಒಂದು ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ (ಆ ಪಲ್ಸ್‌ಗೆ ತಕ್ಕಂತೆ ಸ್ಟ್ರಿಪ್ ಆನ್ ಆಫ್ ಮಾಡೋ ಸ್ವಿಚ್), 100ಕೆ ಪಾಟ್, ಎರಡು 1ಎನ್4148 ಡಯೋಡ್, 1ಕೆ, 10ಕೆ, 100 ಓಮ್ ರೆಸಿಸ್ಟರ್ ಒಂದೊಂದು, 103 ಅಂತ ಬರೆದಿರೋ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಎರಡು, 104 (100 ನ್ಯಾನೋಫ್ಯಾರಡ್) ಒಂದು, 1000 ಮೈಕ್ರೋಫ್ಯಾರಡ್ 25 ವೋಲ್ಟ್ ಒಂದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲಾ ಸಿಗುತ್ತೆ.

555ರ 8 ಮತ್ತು 4ನೇ ಪಿನ್ ಪ್ಲಸ್‌ಗೆ, 1ನೇ ಪಿನ್ ಮೈನಸ್‌ಗೆ. 2 ಮತ್ತು 6 ಸೇರಿಸಿ, ಅಲ್ಲಿಂದ 103 ಮೈನಸ್‌ಗೆ. 5ರಿಂದ ಇನ್ನೊಂದು 103 ಮೈನಸ್‌ಗೆ. ಪ್ಲಸ್‌ನಿಂದ 1ಕೆ ಹಾಕಿ 7ನೇ ಪಿನ್‌ಗೆ, ಅದೇ ಪಿನ್‌ಗೆ ಪಾಟ್‌ನ ನಡು ಕಾಲು. ಪಾಟ್‌ನ ಎರಡು ತುದಿಗಳಿಂದ ಒಂದೊಂದು ಡಯೋಡ್ 2-6 ಸೇರಿದ ಜಾಗಕ್ಕೆ. ಒಂದರ ಮೈಮೇಲಿನ ಗೆರೆ (ಕ್ಯಾಥೋಡ್) ಪಿನ್ ಕಡೆ, ಇನ್ನೊಂದರ ಗೆರೆ ಪಾಟ್ ಕಡೆ ಇರಬೇಕು. 3ನೇ ಪಿನ್‌ನಿಂದ 100 ಓಮ್ ಮೂಲಕ ಮಾಸ್ಫೆಟ್ ಗೇಟ್‌ಗೆ, ಗೇಟ್‌ನಿಂದ 10ಕೆ ಮೈನಸ್‌ಗೆ. 104 ಅನ್ನು 8 ಮತ್ತು 1ನೇ ಪಿನ್ ನಡುವೆ ಐಸಿಗೆ ಆದಷ್ಟು ಹತ್ತಿರ ಹಾಕಿ. 1000 ಮೈಕ್ರೋಫ್ಯಾರಡ್ ಬೋರ್ಡ್‌ಗೆ 12 ವೋಲ್ಟ್ ಬರೋ ಜಾಗದಲ್ಲಿ.

ಮಾಸ್ಫೆಟ್ ಮೇಲಿನ ಅಕ್ಷರ ನಿಮ್ಮ ಕಡೆ ಇದ್ದರೆ ಎಡದಿಂದ ಗೇಟ್, ಡ್ರೈನ್, ಸೋರ್ಸ್. ಹಿಂದಿನ ತಗಡೂ ಡ್ರೈನೇ, ಲೋಹದ ಡಬ್ಬಿಗೆ ತಾಗಿಸಬೇಡಿ. ಸೋರ್ಸ್ ಎಸ್‌ಎಂಪಿಎಸ್ ಮೈನಸ್‌ಗೆ, ಡ್ರೈನ್ ಸ್ಟ್ರಿಪ್ ಮೈನಸ್‌ಗೆ, ಸ್ಟ್ರಿಪ್ ಪ್ಲಸ್ ನೇರ 12 ವೋಲ್ಟ್‌ಗೆ. ಫ್ರೀಕ್ವೆನ್ಸಿ ಸುಮಾರು 1.3ರಿಂದ 1.4 ಕಿಲೋಹರ್ಟ್ಸ್ ಬರುತ್ತೆ, ಪಾಟ್ ಶೇ 1ರಿಂದ ಹೆಚ್ಚುಕಡಿಮೆ ಶೇ 100ರವರೆಗೆ ತಿರುಗುತ್ತೆ. 4 ಆಂಪಿಯರ್‌ಗೆ ಮಾಸ್ಫೆಟ್‌ನಲ್ಲಿ ಕಾಲು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಶಾಖ, ಹೀಟ್‌ಸಿಂಕ್ ಬೇಕಿಲ್ಲ.

ಪಾಟ್ ಬಗ್ಗೆ ಒಂದು ಮಾತು. ಎಲ್ಲರೂ ಲೀನಿಯರ್, ಅಂದರೆ ಬಿ100ಕೆ ತರ್ತಾರೆ. ಕಣ್ಣಿಗೆ ಮಂದ ಬೆಳಕಿನ ವ್ಯತ್ಯಾಸ ಬೇಗ ಗೊತ್ತಾಗುತ್ತೆ, ಹಾಗಾಗಿ ಇಡೀ ಆಟ ಮೊದಲ ಕಾಲು ಸುತ್ತಿನಲ್ಲೇ ಮುಗಿದುಹೋಗುತ್ತೆ. ಲಾಗ್ ಪಾಟ್, ಅಂದರೆ ಎ100ಕೆ ಹಾಕಿದರೆ ಟಿವಿ ನೋಡುವಾಗ ಬೇಕಾದ ಮಂದ ಬೆಳಕನ್ನು ನಿಧಾನವಾಗಿ ಹೊಂದಿಸಬಹುದು. ನನ್ನ ಕೇಳಿದರೆ ಅದೇ ಒಳ್ಳೇದು.

ಪ್ರಶ್ನೆ: ಮಾಡಿದೆ ಸರ್. ಸ್ಟ್ರಿಪ್ ಫುಲ್ ಉರೀತಿದೆ, ಪಾಟ್ ತಿರುಗಿಸಿದರೆ ಏನೂ ಆಗ್ತಿಲ್ಲ.

ಉತ್ತರ: ಮೂರು ಜಾಗ ನೋಡಿ. ಸ್ಟ್ರಿಪ್‌ನ ಹಳೇ ಮೈನಸ್ ವೈರ್ ಇನ್ನೂ ಎಸ್‌ಎಂಪಿಎಸ್‌ನಲ್ಲೇ ಇದ್ದರೆ ಮಾಸ್ಫೆಟ್‌ಗೆ ಕೆಲಸವೇ ಇಲ್ಲ. ಸ್ಟ್ರಿಪ್ಪನ್ನು ಎರಡೂ ತುದಿಯಿಂದ ಫೀಡ್ ಮಾಡಿದ್ದರೆ ಆ ಎರಡನೇ ಮೈನಸ್ಸೂ ಡ್ರೈನ್‌ಗೇ ಬರಬೇಕು. ಡ್ರೈನ್ ಸೋರ್ಸ್ ಅದಲುಬದಲಾಗಿದ್ದರೆ ಒಳಗಿನ ಬಾಡಿ ಡಯೋಡ್ ಮೂಲಕ ಕರೆಂಟ್ ಹರಿದು ಸದಾ ಉರಿಯುತ್ತೆ, ಮಾಸ್ಫೆಟ್ ಬಿಸಿಯಾಗುತ್ತೆ. ಮೂರನೇದು ಡಯೋಡ್: ಎರಡರ ಗೆರೆಯೂ ಪಾಟ್ ಕಡೆ ಇದ್ದರೆ 103 ಚಾರ್ಜೇ ಆಗಲ್ಲ, 3ನೇ ಪಿನ್ ಹೈನಲ್ಲಿ ನಿಲ್ಲುತ್ತೆ. ಎರಡೂ ಪಿನ್ ಕಡೆ ಇದ್ದರೆ ಸ್ಟ್ರಿಪ್ ಹತ್ತೋದೇ ಇಲ್ಲ. ಸ್ಟ್ರಿಪ್ ಕಳಚಿ, ಮಲ್ಟಿಮೀಟರ್ ಡಿಸಿಯಲ್ಲಿಟ್ಟು 3ನೇ ಪಿನ್ ನೋಡಿ. ಪಾಟ್ ತಿರುಗಿಸಿದಂತೆ ಸೊನ್ನೆಯ ಹತ್ತಿರದಿಂದ 10 ವೋಲ್ಟ್‌ವರೆಗೆ ಮೆಲ್ಲಗೆ ಏರಬೇಕು.

ಪ್ರಶ್ನೆ: ಡಯೋಡೇ ತಪ್ಪಾಗಿತ್ತು, ಸರಿಯಾಯ್ತು. ಈಗ ಅರ್ಧ ಬೆಳಕಿನಲ್ಲಿ ಎಸ್‌ಎಂಪಿಎಸ್ ಸಣ್ಣಗೆ "ಕುಂಯ್" ಅಂತಿದೆ. ಸ್ಟ್ರಿಪ್‌ಗೆ ಅಡ್ಡ ಒಂದು ಕೆಪಾಸಿಟರ್ ಹಾಕಲಾ?

ಉತ್ತರ: ಸ್ಟ್ರಿಪ್ ಕಡೆ ಖಂಡಿತ ಬೇಡ. ಪ್ರತಿ ಸಲ ಆನ್ ಆದಾಗಲೂ ಮಾಸ್ಫೆಟ್ ಆ ಕೆಪಾಸಿಟರನ್ನು ತುಂಬಿಸಬೇಕಾಗುತ್ತೆ, ಬಿಸಿಯಾಗಿ ಸಾಯುತ್ತೆ. ಸದ್ದು ಬರೋದು ಎಸ್‌ಎಂಪಿಎಸ್ ಮೇಲಿನ ಲೋಡ್ ಕಿವಿಗೆ ಕೇಳೋ ಫ್ರೀಕ್ವೆನ್ಸಿಯಲ್ಲಿ ಕಡಿದು ಕಡಿದು ಬರೋದರಿಂದ. ಮೊದಲು ಬೋರ್ಡ್‌ನ ಇನ್‌ಪುಟ್‌ನಲ್ಲಿ ಇನ್ನೊಂದು 1000 ಮೈಕ್ರೋಫ್ಯಾರಡ್ ಸೇರಿಸಿ, ಲೋ ಇಎಸ್‌ಆರ್ (ಒಳ ರೆಸಿಸ್ಟೆನ್ಸ್ ಕಡಿಮೆ ಇರೋದು) ಸಿಕ್ಕರೆ ಚೆನ್ನ. ಹೋಗದಿದ್ದರೆ 2-6ರ 103 ತೆಗೆದು 471, ಅಂದರೆ 470 ಪಿಕೋಫ್ಯಾರಡ್ ಹಾಕಿ. ಫ್ರೀಕ್ವೆನ್ಸಿ 25 ಕಿಲೋಹರ್ಟ್ಸ್ ದಾಟಿ ಕಿವಿಗೆ ಸಿಗಲ್ಲ. ಆಗ ಮಾಸ್ಫೆಟ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತೆ, ಹತ್ತು ನಿಮಿಷ ಓಡಿಸಿ ಎಸ್‌ಎಂಪಿಎಸ್ ಆಫ್ ಮಾಡಿ ಮುಟ್ಟಿ ನೋಡಿ. ಕೈ ಇಡಕ್ಕಾಗದಿದ್ದರೆ ಸಣ್ಣ ಹೀಟ್‌ಸಿಂಕ್.

ಇನ್ನೊಬ್ಬರ ಪ್ರಶ್ನೆ: ಇದೇ ಸರ್ಕ್ಯೂಟನ್ನು ಸೀಲಿಂಗ್ ಪ್ಯಾನೆಲ್ ಲೈಟ್‌ಗೆ ಹಾಕಬಹುದಾ? ಡ್ರೈವರ್ ಮೇಲೆ 24-42 ವೋಲ್ಟ್, 300 ಮಿಲಿ ಆಂಪಿಯರ್ ಅಂತಿದೆ. ಹಾಗೇ 24 ವೋಲ್ಟ್ ಸ್ಟ್ರಿಪ್‌ಗೆ?

ಉತ್ತರ: ಪ್ಯಾನೆಲ್‌ಗೆ ಆಗಲ್ಲ ಅಣ್ಣ. ಅದು ಕಾನ್‌ಸ್ಟಂಟ್ ಕರೆಂಟ್ ಡ್ರೈವರ್. ಮಾಸ್ಫೆಟ್ ಆಫ್ ಆದ ಕೂಡಲೇ ಡ್ರೈವರ್ 300 ಮಿಲಿ ಆಂಪಿಯರ್ ಹರಿಸೋಕೆ ವೋಲ್ಟೇಜ್ ಏರಿಸಿಕೊಳ್ಳುತ್ತೆ, ಮತ್ತೆ ಆನ್ ಆದಾಗ ಏರಿದ್ದೆಲ್ಲ ಎಲ್‌ಇಡಿ ಮೇಲೆ ಬೀಳುತ್ತೆ. ಡಿಮ್ಮಬಲ್ ಡ್ರೈವರ್‌ಗೇ ಬದಲಾಯಿಸಬೇಕು. ಪ್ಯಾನೆಲ್‌ನ ವೋಲ್ಟೇಜ್ ಹೊಸ ಡ್ರೈವರ್‌ನ ರೇಂಜ್‌ನೊಳಗೆ ಇರಬೇಕು, ಕರೆಂಟ್ ಅದೇ 300 ಇರಬೇಕು.

24 ವೋಲ್ಟ್ ಸ್ಟ್ರಿಪ್‌ಗೆ ಆಗುತ್ತೆ, ಆದರೆ ಎನ್‌ಇ555 ಅನ್ನು 16 ವೋಲ್ಟ್‌ಗಿಂತ ಮೇಲೆ ಓಡಿಸಬಾರದು. 24ರಿಂದ 7812 (12 ವೋಲ್ಟ್ ರೆಗ್ಯುಲೇಟರ್ ಐಸಿ) ಹಾಕಿ 555ಕ್ಕೆ ಮಾತ್ರ 12 ಕೊಡಿ, ಸ್ಟ್ರಿಪ್ ಪ್ಲಸ್ ನೇರ 24ಕ್ಕೆ ಇರಲಿ. ಇನ್‌ಪುಟ್ ಕೆಪಾಸಿಟರ್ 25 ವೋಲ್ಟ್‌ನದ್ದು ಸಾಲದು, 35 ಅಥವಾ 50 ವೋಲ್ಟ್‌ನದ್ದು ತನ್ನಿ.