ಓದುಗರ ಸ್ಪಂದನ: ಚಾದರದ ಮೇಲಿನ ಕಲೆ ಯಾವುದಕ್ಕೂ ಸಾಕ್ಷಿಯಲ್ಲ

ಕಳೆದ ವಾರದ ಸಮಸ್ಯೆ: ನಾನು ಗದಗ ಕಡೆಯ ಹಳ್ಳಿಯವಳು, ವಯಸ್ಸು 24. ವೈಶಾಖದಲ್ಲಿ ನನ್ನ ಮದುವೆ. ಏಳನೆಯ ತರಗತಿಯಲ್ಲಿದ್ದಾಗ ಅಣ್ಣನ ಸೈಕಲ್ಲಿನಿಂದ ಬಿದ್ದು, ನಡುವಿನ ಸರಳು ತಾಗಿ ರಕ್ತ ಬಂದಿತ್ತು. ಇದನ್ನು ಯಾರ ಮುಂದೆಯೂ ಹೇಳಬಾರದೆಂದು ಅವ್ವ ಅಂದೇ ಆಣೆ ಮಾಡಿಸಿಕೊಂಡಿದ್ದಳು. ಈಗ ಬೀಗರ ಮನೆಯ ಹಿರಿಯರೊಬ್ಬರು ‘ಹುಡುಗಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಕಾಗದ ತರಿಸಿರಿ’ ಎಂದಿದ್ದಾರೆ. ಮೊದಲ ರಾತ್ರಿ ರಕ್ತ ಕಾಣದಿದ್ದರೆ ನನ್ನ ಗತಿ ಏನು? ಕನ್ಯಾಪೊರೆಯನ್ನು ಹೊಲಿಯುವ ಆಪರೇಷನ್ ಇದೆಯೆಂದು ಮೊಬೈಲಿನಲ್ಲಿ ಓದಿದ್ದೇನೆ. ಅದನ್ನು ಮಾಡಿಸಿಕೊಳ್ಳಬಹುದೇ?

ನಿವೃತ್ತ ಶುಶ್ರೂಷಕಿ, ಧಾರವಾಡ

ಮಗಳೇ, ಮೂವತ್ತೆರಡು ವರ್ಷ ಹೆರಿಗೆ ವಾರ್ಡುಗಳಲ್ಲಿ ದುಡಿದವಳಾಗಿ ಮೊದಲಿಗೇ ಹೇಳಿಬಿಡುತ್ತೇನೆ: ನಿನ್ನ ದೇಹದಲ್ಲಿ ಏನೂ ಕೆಟ್ಟಿಲ್ಲ, ಹೊಲಿಯಬೇಕಾದದ್ದೂ ಏನೂ ಇಲ್ಲ. ಕನ್ಯಾಪೊರೆ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ. ಆ ಮಾತು ಕೇಳಿದೊಡನೆ ಹಾಲಿನ ಮೇಲೆ ಕಟ್ಟಿದ ಕೆನೆಯಂತೆ ಪೂರ್ತಿ ಮುಚ್ಚಿಕೊಂಡ ಏನೋ ಒಂದು ಕಣ್ಣೆದುರು ಬರುತ್ತದೆ. ಹಾಗೆ ಮುಚ್ಚಿಕೊಂಡಿದ್ದರೆ ತಿಂಗಳು ತಿಂಗಳು ಮುಟ್ಟಿನ ರಕ್ತ ಹೊರಬರುವುದಾದರೂ ಹೇಗೆ? ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಇದನ್ನು ತಿಳಿಸಿಕೊಡಲು ನಾನು ಅವರಲ್ಲೊಬ್ಬಳ ಜಡೆಯಿಂದ ಬಟ್ಟೆಯ ರಬ್ಬರ್ ಬ್ಯಾಂಡು ಬಿಚ್ಚಿಸಿ ಕೈಯಲ್ಲಿ ಹಿಡಿಯುತ್ತಿದ್ದೆ. ಸುತ್ತಲೂ ನೆರಿಗೆ ನೆರಿಗೆಯಾದ ಮೆತ್ತನೆಯ ಅಂಚು, ನಡುವೆ ಖಾಲಿ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ‘ಇದರಲ್ಲಿ ಒಡೆಯುವಂಥದ್ದು ಎಲ್ಲಿದೆ, ತೋರಿಸು’ ಎಂದರೆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಯೋನಿಯ ಬಾಯಿಯ ಒಳ ಅಂಚಿನಲ್ಲಿ ಹೀಗೆಯೇ ಲೋಳೆಪೊರೆಯ ಒಂದು ಮಡಿಕೆ ಇರುತ್ತದೆ. ಮಗು ಗರ್ಭದಲ್ಲಿರುವಾಗ ಅಂಗಗಳು ರೂಪುಗೊಂಡ ಮೇಲೆ ಉಳಿದದ್ದು ಅದು. ಒಬ್ಬಳಿಗೆ ಬಳೆಯಂತೆ ಸುತ್ತಲೂ, ಇನ್ನೊಬ್ಬಳಿಗೆ ಅರ್ಧಚಂದ್ರದಂತೆ ಕೆಳಭಾಗದಲ್ಲಿ ಮಾತ್ರ, ಮತ್ತೊಬ್ಬಳಿಗೆ ಗುರುತಿಸಲೂ ಆಗದಷ್ಟು ಕಿರಿದಾಗಿ ಇದ್ದರೆ, ಕೆಲವರಲ್ಲಿ ನಡುವೆ ಒಂದು ಎಳೆಯೋ, ಜರಡಿಯಂತೆ ಸಣ್ಣ ರಂಧ್ರಗಳೋ ಇರಬಹುದು. ಎಳೆತನದಲ್ಲಿ ತೆಳ್ಳಗಿರುವ ಈ ಅಂಚು, ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ದಪ್ಪವಾಗಿ, ಚೆನ್ನಾಗಿ ಹಿಗ್ಗುವ ಗುಣ ಪಡೆಯುತ್ತದೆ. ಆದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳಲ್ಲಿ ಮೊದಲ ಸಮಾಗಮದಲ್ಲಿ ಏನೂ ಹರಿಯುವುದಿಲ್ಲ, ಹನಿ ರಕ್ತವೂ ಕಾಣಿಸುವುದಿಲ್ಲ. ಸಣ್ಣ ಗಾಯವಾದರೂ ಬಾಯಿಯೊಳಗಿನ ಗಾಯದಂತೆ ಬೇಗ ಮಾಯುತ್ತದೆ, ಅನೇಕ ವೇಳೆ ಗುರುತೂ ಉಳಿಯುವುದಿಲ್ಲ. ಅಮೆರಿಕದಲ್ಲಿ 36 ಗರ್ಭಿಣಿ ಹದಿಹರೆಯದವರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಗಮ ನಡೆದಿದೆಯೆಂದು ಖಚಿತವಾಗಿ ಹೇಳಬಹುದಾದ ಗುರುತು ಕಂಡದ್ದು ಇಬ್ಬರಲ್ಲಿ ಮಾತ್ರ. ಬಸುರಿಯರಲ್ಲೇ ಕಾಣದ ಗುರುತನ್ನು ಮದುಮಗಳ ದೇಹದಲ್ಲಿ ಹುಡುಕುವುದಕ್ಕೆ ಏನು ಅರ್ಥ?

ಸೈಕಲ್ಲಿನ ವಿಷಯವನ್ನೂ ಬಿಡಿಸಿ ಹೇಳಬೇಕು. ‘ಸೈಕಲ್ ಹೊಡೆದರೆ, ಖೋಖೋ ಆಡಿದರೆ ಪೊರೆ ಹರಿಯುತ್ತದೆ, ಅದಕ್ಕೇ ರಕ್ತ ಬರಲಿಲ್ಲ’ ಎಂದು ಸಮಾಧಾನ ಹೇಳುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಸಮಾಧಾನದೊಳಗೂ ಹರಿಯುವ ಮುದ್ರೆಯೊಂದಿದೆ ಎಂಬ ಹಳೆಯ ತಪ್ಪೇ ಕುಳಿತಿದೆ. ಸರಳಿನ ಎರಡೂ ಕಡೆ ಕಾಲು ಬರುವಂತೆ ಬಿದ್ದಾಗ ಪೆಟ್ಟಾಗುವುದು ಸಾಮಾನ್ಯವಾಗಿ ಹೊರಗಿನ ತುಟಿಯಂಥ ಭಾಗಕ್ಕೆ. ಅಲ್ಲಿ ರಕ್ತನಾಳಗಳು ಹೆಚ್ಚಿರುವುದರಿಂದ ಸಣ್ಣ ಗಾಯಕ್ಕೂ ಹೆಚ್ಚು ರಕ್ತ ಬರುತ್ತದೆ. ಒಳಗಿರುವ ಈ ಅಂಚಿಗೆ ಅಂಥ ಬೀಳುವಿಕೆಯಲ್ಲಿ ಏಟು ತಗಲುವುದು ಅಪರೂಪ. ನಿನ್ನ ಅವ್ವ ಹತ್ತಾರು ವರ್ಷ ಎದೆಯಲ್ಲಿಟ್ಟುಕೊಂಡ ಭಯಕ್ಕೆ ಬಹುಶಃ ಕಾರಣವೇ ಇರಲಿಲ್ಲ.

ಮೊದಲ ಬಾರಿ ರಕ್ತ ಕಂಡವರಲ್ಲಿಯೂ ಅದು ಬಹಳ ಸಲ ಬರುವುದು ಹೆದರಿಕೆಯಿಂದ ಸ್ನಾಯುಗಳು ಬಿಗಿದಾಗ, ತೇವವಿಲ್ಲದಾಗ, ಗಂಡಸು ಅವಸರ ಮಾಡಿದಾಗ. ಹಾಗಾಗಿ ರಕ್ತ ಕಂಡರೆ ಸಂಭ್ರಮಿಸುವವರು ನಿಜವಾಗಿ ಒಬ್ಬಳ ನೋವಿಗೆ ಸಂಭ್ರಮಿಸುತ್ತಿರುತ್ತಾರೆ, ಇದು ನನ್ನನ್ನು ಇಂದಿಗೂ ಕಾಡುತ್ತದೆ. ನೋವಾದರೆ ‘ನಿಲ್ಲಿಸು’ ಎನ್ನುವ ಹಕ್ಕು ನಿನಗಿದೆ. ನೋವು ಹಲವು ದಿನ ಮುಂದುವರಿದರೆ, ಅಥವಾ ಪ್ಯಾಡು ನೆನೆಯುವಷ್ಟು ರಕ್ತ ಬಂದು ನಿಲ್ಲದಿದ್ದರೆ, ನಾಚಿಕೆ ಬಿಟ್ಟು ಸ್ತ್ರೀರೋಗ ತಜ್ಞರಲ್ಲಿಗೆ ಹೋಗು.

ಆಪರೇಷನ್ ಬೇಡ. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ, ರಕ್ತ ಬಂದೇ ಬರುತ್ತದೆಂಬ ಖಾತ್ರಿಯನ್ನೂ ಯಾರೂ ಕೊಡಲಾರರು. ಇಲ್ಲದ ಕಾಯಿಲೆಗೆ ಹೊಲಿಗೆ ಹಾಕಿಸಿಕೊಂಡು, ಸೋಂಕು, ಕಲೆ, ನೋವುಗಳನ್ನು ನೀನೇ ದುಡ್ಡು ಕೊಟ್ಟು ತರುವುದು ಬೇಡ.

ಒಬ್ಬ ರೈತ, ಹಾವೇರಿ ಜಿಲ್ಲೆ

ತಂಗಿ, ಗಂಡಸಾಗಿ ಈ ವಿಷಯಕ್ಕೆ ಉತ್ತರ ಬರೆಯುವುದು ಸರಿಯೋ ಎಂದು ಎರಡು ದಿನ ಯೋಚಿಸಿ, ಬರೆಯದಿದ್ದರೆ ತಪ್ಪಾಗುತ್ತದೆ ಎನ್ನಿಸಿ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಮದುವೆಯಾದ ಮರುದಿನ ಬೆಳಿಗ್ಗೆ ನಮ್ಮ ವೈನಿ (ಅಣ್ಣನ ಹೆಂಡತಿ) ಚಹಾ ಕೊಡುವ ನೆವದಲ್ಲಿ ಒಳಗೆ ಬಂದು, ಹಾಸಿಗೆಯ ಮೇಲಿನ ಬಿಳಿ ಚಾದರವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಅವರು ಏನೂ ಅನ್ನದೆ ಅದನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಹೋದರು. ನನ್ನ ಹೆಂಡತಿ ಗೋಡೆಯ ಕಡೆಗೆ ಮುಖ ಮಾಡಿ ಬಳೆ ಸರಿಪಡಿಸಿಕೊಳ್ಳುತ್ತಿದ್ದಳು. ನಾನೂ ಏನೂ ಮಾತಾಡಲಿಲ್ಲ.

ಆ ಮೌನವನ್ನು ನಾನು ಒಂದೂವರೆ ವರ್ಷ ಎಳೆದೆ. ಬೈಯಲಿಲ್ಲ, ಹೊಡೆಯಲಿಲ್ಲ, ಆದರೆ ಅವಳ ತವರಿನಿಂದ ಯಾರದಾದರೂ ಫೋನ್ ಬಂದರೆ ನನ್ನ ಕಿವಿ ಅಲ್ಲಿಯೇ ಇರುತ್ತಿತ್ತು. ಅವಳು ಬಸುರಿಯಾದಾಗ ತಪಾಸಣೆಗೆ ಕರೆದುಕೊಂಡು ಹೋದ ದಿನ, ವೈದ್ಯೆಯೊಬ್ಬರ ಹತ್ತಿರ ಧೈರ್ಯ ಮಾಡಿ ಒಬ್ಬನೇ ಕೇಳಿದೆ. ಅವರು ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ನಾಲ್ಕು ಬಗೆಯ ಉಂಗುರ ಬರೆದು ತೋರಿಸಿ, ‘ಇದರಲ್ಲಿ ನಿಮ್ಮ ಹೆಂಡತಿಯದು ಯಾವುದೆಂದು ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ, ಮತ್ತೆ ತೀರ್ಪು ಕೊಟ್ಟವರು ಯಾರು?’ ಎಂದರು. ಮನೆಗೆ ಬಂದು ಹೆಂಡತಿಯ ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳು, ಆದರೆ ಆ ಒಂದೂವರೆ ವರ್ಷ ತಿರುಗಿ ಬರಲಿಲ್ಲ. ನಿಮ್ಮನ್ನು ಮದುವೆಯಾಗುವ ಹುಡುಗನೊಡನೆ ಮದುವೆಗೆ ಮುಂಚೆಯೇ ಮಾತನಾಡಿರಿ. ಬೇಕಾದರೆ ಈ ಪುಟವನ್ನೇ ಕೈಗೆ ಕೊಡಿರಿ. ಇದನ್ನು ತಿಳಿದೂ ಅವನು ಚಾದರದ ಕಡೆಗೇ ನೋಡುವವನಾದರೆ, ಆ ಮಾತು ವೈಶಾಖಕ್ಕಿಂತ ಮೊದಲೇ ನಿಮಗೆ ತಿಳಿಯುವುದು ಒಳ್ಳೆಯದು.

ವಕೀಲೆ, ಹುಬ್ಬಳ್ಳಿ

ಬೀಗರು ಕೇಳಿದ ಕನ್ಯತ್ವದ ‘ಕಾಗದ’ದ ಬಗ್ಗೆ ಮಾತ್ರ ಬರೆಯುತ್ತೇನೆ. ಅತ್ಯಾಚಾರದ ಪ್ರಕರಣಗಳಲ್ಲಿ, ಹೆಣ್ಣಿಗೆ ಸಮಾಗಮದ ರೂಢಿಯಿದೆಯೇ ಎಂದು ಯೋನಿಯೊಳಗೆ ಬೆರಳಿಟ್ಟು ನೋಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯು ಹೆಣ್ಣಿನ ಖಾಸಗಿತನಕ್ಕೂ ಘನತೆಗೂ ಧಕ್ಕೆ ತರುತ್ತದೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ಹೇಳಿತು. 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ, ಇನ್ನು ಮುಂದೆ ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದಿತು. ಬಂಧನದಲ್ಲಿರುವ ಮಹಿಳೆಯ ಕನ್ಯತ್ವ ಪರೀಕ್ಷೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಯುವ ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ದೆಹಲಿ ಹೈಕೋರ್ಟು 2023ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಎಲ್ಲ ದೇಶಗಳೂ ಇದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಕರೆ ಕೊಟ್ಟಿತ್ತು. ಕೊಲೆಯ ಆರೋಪ ಹೊತ್ತವಳ ಮೇಲೂ ನಡೆಸಬಾರದ ಪರೀಕ್ಷೆಯನ್ನು ಮದುಮಗಳ ಮೇಲೆ ನಡೆಸಿರೆಂದು ಕೇಳುವ ಅಧಿಕಾರ ಯಾವ ಬೀಗರಿಗೂ ಇಲ್ಲ. ನೀವು ಒಪ್ಪದೆ ಯಾವ ವೈದ್ಯರೂ ನಿಮ್ಮನ್ನು ಮುಟ್ಟುವಂತಿಲ್ಲ. ಅಂಥ ಕಾಗದವನ್ನು ಪ್ರಾಮಾಣಿಕವಾಗಿ ಬರೆದುಕೊಡಬಲ್ಲ ವೈದ್ಯರು ಎಲ್ಲಿಯೂ ಇಲ್ಲ.

ಒಬ್ಬ ತಾಯಿ, ಗದಗ

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ನಿಮಗಿಂತ ಹೆಚ್ಚಾಗಿ ನಿಮ್ಮ ಅವ್ವ. ನನ್ನ ಮಗಳಿಗೆ ಹದಿನಾಲ್ಕು ತುಂಬಿದರೂ ಮುಟ್ಟಾಗಿರಲಿಲ್ಲ, ಆದರೆ ತಿಂಗಳಿಗೊಮ್ಮೆ ನಾಲ್ಕು ದಿನ ಕಿಬ್ಬೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ದೃಷ್ಟಿಯೆಂದರು, ತಾಯಿತ ಕಟ್ಟಿಸಿದೆವು. ಕೊನೆಗೆ ಒಂದು ದಿನ ಮೂತ್ರವೇ ಕಟ್ಟಿಕೊಂಡಾಗ ಹುಬ್ಬಳ್ಳಿಗೆ ಓಡಿದೆವು. ಸ್ಕ್ಯಾನ್ ಮಾಡಿದ ವೈದ್ಯರು, ಈ ಪೊರೆಗೆ ರಂಧ್ರವೇ ಇಲ್ಲದೆ ತಿಂಗಳುಗಟ್ಟಲೆಯ ರಕ್ತ ಒಳಗೇ ನಿಂತಿದೆ, ಸಾವಿರ ಎರಡು ಸಾವಿರ ಹುಡುಗಿಯರಲ್ಲಿ ಒಬ್ಬಳಿಗೆ ಹೀಗಾಗುತ್ತದೆ, ಸಣ್ಣದೊಂದು ಆಪರೇಷನ್ ಸಾಕು ಎಂದರು. ಮಗಳು ನೋವಿನಿಂದ ಒದ್ದಾಡುತ್ತಿದ್ದಾಗ ನನ್ನ ಬಾಯಿಂದ ಬಂದ ಮೊದಲ ಮಾತು ‘ಮುಂದೆ ಮದುವೆ ಹೇಗ್ರಿ?’ ಎಂಬುದು. ವೈದ್ಯರು ಸಿಟ್ಟಾಗಲಿಲ್ಲ. ‘ಪೂರ್ತಿ ಮುಚ್ಚಿಕೊಂಡಿರುವುದೇ ರೋಗ, ಅಮ್ಮಾ. ಉಳಿದವರಿಗೆಲ್ಲ ಅಲ್ಲಿ ರಂಧ್ರ ಇದ್ದೇ ಇರುತ್ತದೆ’ ಎಂದರು. ನಾನು ಇಷ್ಟು ದಿನ ಯಾವುದನ್ನು ಶುದ್ಧವೆಂದು ತಿಳಿದಿದ್ದೆನೋ ಅದು ನನ್ನ ಮಗಳ ಜೀವಕ್ಕೇ ಬಂದಿತ್ತು.

ಆದರೂ ಆ ಆಪರೇಷನ್ನಿನ ಕಾಗದವನ್ನು ಮನೆಗೆ ತಂದು ಟ್ರಂಕಿನ ತಳದಲ್ಲಿ ಹಳೆಯ ಇಳಕಲ್ ಸೀರೆಯ ಕೆಳಗೆ ಬಚ್ಚಿಟ್ಟೆ. ಮುಂದೆ ಯಾರಾದರೂ ಕೇಳಿದರೆ ಬೇಕಾಗುತ್ತದೆ, ಯಾರೂ ಕೇಳದಿದ್ದರೆ ಕಾಣಬಾರದು ಎಂಬುದು ನನ್ನ ಲೆಕ್ಕವಾಗಿತ್ತು. ನಿಮ್ಮ ಅವ್ವ ಆಣೆ ಮಾಡಿಸಿಕೊಂಡದ್ದೂ ಇದೇ ಹೆದರಿಕೆಗೆ, ಅವರ ಮೇಲೆ ಮುನಿಯಬೇಡಿರಿ. ಮಗಳು ಈಗ ಪಿಯುಸಿ ಎರಡನೆಯ ವರ್ಷ. ಮೊನ್ನೆ ನಿಮ್ಮ ಪತ್ರವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದವಳೂ ಅವಳೇ. ಓದಿ ಮುಗಿಸಿದ ಮೇಲೆ ಇಬ್ಬರೂ ಸೇರಿ ಆ ಕಾಗದವನ್ನು ಟ್ರಂಕಿನಿಂದ ತೆಗೆದು, ಅವಳ ಮಾರ್ಕ್ಸ್ ಕಾರ್ಡುಗಳಿರುವ ಫೈಲಿನಲ್ಲಿ ಹಾಕಿದೆವು.