ಒಡೆತನವೋ ಸಾರ್ವಭೌಮತ್ವವೋ: ಪೆಡ್ರಾ ಬ್ರಾಂಕಾ ಬಂಡೆಯ ಕಾಗದ

ಮಾನ್ಯರೇ,

ಪೆಡ್ರಾ ಬ್ರಾಂಕಾ ಎಂಬ ಕಡಲ ಬಂಡೆಗಾಗಿ ಸಿಂಗಪುರಕ್ಕೂ ಮಲೇಷ್ಯಾಕ್ಕೂ ನಡೆದ ವ್ಯಾಜ್ಯದ ಬಗ್ಗೆ ತುಮಕೂರಿನ ಮೇಡಂ ಅವರು ತಮ್ಮ ಕಾಲೇಜಿನ ವಸ್ತುಪ್ರದರ್ಶನದ ಫಲಕಕ್ಕಾಗಿ ಕೇಳಿರುವುದು ಒಂದೇ ಪದವನ್ನು; ಆದರೆ ಅವರ ಕರಡಿನಲ್ಲಿ ಆ ಪದ ಎರಡು ಕಡೆ ಬಂದಿದೆ, ತೊಡಕು ಇರುವುದು ಅಲ್ಲಿಯೇ. 1953ರ ಸೆಪ್ಟೆಂಬರ್ 21ರಂದು ಜೋಹೋರ್ ಸಂಸ್ಥಾನದ (ಇಂದು ಅದು ಮಲೇಷ್ಯಾದ ಒಂದು ರಾಜ್ಯ) ಹಂಗಾಮಿ ಕಾರ್ಯದರ್ಶಿಯು ಸಿಂಗಪುರಕ್ಕೆ ಬರೆದ ಉತ್ತರದಲ್ಲಿಯೂ, 2008ರ ಮೇ 23ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿಯೂ ಅವರು 'ಸಾರ್ವಭೌಮತ್ವ' ಎಂದೇ ಬರೆದಿದ್ದಾರೆ. ಫಲಕ ಸೋಮವಾರ ಅಚ್ಚಿಗೆ ಹೋಗಬೇಕಾಗಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಗದದಲ್ಲಿ 'ಒಡೆತನ', ತೀರ್ಪಿನಲ್ಲಿ 'ಸಾರ್ವಭೌಮತ್ವ'. ಇವೆರಡನ್ನು ಒಂದು ಮಾಡಿದರೆ ಆ ವ್ಯಾಜ್ಯದ ತಿರುಳೇ ಓದುಗರಿಗೆ ಸಿಗುವುದಿಲ್ಲ.

ಸಿಂಗಪುರದ ಪೂರ್ವಕ್ಕೆ 24 ನಾಟಿಕಲ್ ಮೈಲಿ ದೂರದಲ್ಲಿರುವ, ಸುಮಾರು 137 ಮೀಟರ್ ಉದ್ದದ ಆ ಬಂಡೆಯ ಮೇಲೆ 1851ರಿಂದ ಹಾರ್ಸ್‌ಬರ್ಗ್ ದೀಪಸ್ತಂಭ ನಿಂತಿದೆ. ದೀಪ ನೋಡಿಕೊಳ್ಳುತ್ತಿದ್ದದ್ದು ಸಿಂಗಪುರ. ಮೂಲ ಹಕ್ಕು ಜೋಹೋರ್ ಸುಲ್ತಾನರದು. ತನ್ನ ಕಡಲ ಗಡಿಯನ್ನು ಗೊತ್ತುಮಾಡಿಕೊಳ್ಳಲು ಸಿಂಗಪುರದ ವಸಾಹತು ಸರ್ಕಾರ 1953ರಲ್ಲಿ ಬಂಡೆಯ ಸ್ಥಿತಿಗತಿಯನ್ನು ವಿಚಾರಿಸಿದಾಗ, ಪೆಡ್ರಾ ಬ್ರಾಂಕಾದ ಒಡೆತನವನ್ನು ತಾನು ಕೇಳುವುದಿಲ್ಲ ಎಂದು ಜೋಹೋರ್ ಉತ್ತರ ಕೊಟ್ಟಿತು. ಮುಂದೆ ಆ ನ್ಯಾಯಾಲಯವಿರುವ ಹೇಗ್ ನಗರದಲ್ಲಿ ಮಲೇಷ್ಯಾದ ವಕೀಲರು ಈ ಪದವನ್ನೇ ಹಿಡಿದರು: ಬಿಟ್ಟುಕೊಟ್ಟದ್ದು ಒಡೆತನವನ್ನೇ ಹೊರತು ಸಾರ್ವಭೌಮತ್ವವನ್ನಲ್ಲ ಎಂಬುದು ಅವರ ವಾದ. ತತ್ತ್ವತಃ ಎರಡೂ ಬೇರೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಸಿಂಗಪುರ ಕೇಳಿದ್ದೇ ಸಾರ್ವಭೌಮತ್ವದ ವಿಷಯವಾದ್ದರಿಂದ ಉತ್ತರವನ್ನೂ ಹಾಗೆಯೇ ಓದಬೇಕು ಎಂದಿತು. ಆ ಕಾಗದದ ಜೊತೆಗೆ ಎರಡೂ ಕಡೆಯ ಮುಂದಿನ ದಶಕಗಳ ನಡವಳಿಕೆಯನ್ನು ತೂಗಿ, 1980ರ ಹೊತ್ತಿಗೆ ಬಂಡೆ ಸಿಂಗಪುರದ್ದಾಗಿತ್ತು ಎಂದು 12-4ರ ಬಹುಮತದಿಂದ ತೀರ್ಮಾನಿಸಿತು.

ಚಿಂತಾಮಣಿಯಲ್ಲಿ ಮೂವತ್ತು ವರ್ಷ ಕ್ರಯಪತ್ರ, ವಿಭಾಗಪತ್ರ ಬರೆದವನಿಗೆ ಈ ವಾದ ಹೊಸದಲ್ಲ. ಪಹಣಿಯಲ್ಲಿ ಒಡೆಯರದಾದ 9ನೇ ಕಾಲಮ್ಮಿನಲ್ಲಿ ಒಬ್ಬರ ಹೆಸರು, ಸಾಗುವಳಿದಾರರದಾದ 12ನೇ ಕಾಲಮ್ಮಿನಲ್ಲಿ ಇನ್ನೊಬ್ಬರ ಹೆಸರು ಇರುವ ಜಮೀನಿಗೆ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆಯಲು ಕುಳಿತಾಗ ಒಡೆತನ ಬೇರೆ, ಅನುಭವ ಬೇರೆ ಎಂಬುದು ಕೈಗೆ ತಾನೇ ತಿಳಿಯುತ್ತದೆ. ನಮ್ಮ ಸೀಮೆಯ ಹಳೆಯ ಕ್ರಯಪತ್ರಗಳಲ್ಲಿ ಭೂಮಿಯ ಎಂಟು ಬಗೆಯ ಭೋಗಗಳನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಣಿಸಿ 'ಅಷ್ಟಭೋಗ ತೇಜಸ್ವಾಮ್ಯ ಸಹಿತ' ಎಂದು ಬರೆಯುವ ರೂಢಿ ದಾನಶಾಸನಗಳಿಂದ ಇಳಿದು ಬಂದದ್ದು. ಅರಸನು ಈ ಎಂಟನ್ನೂ ಧಾರೆ ಎರೆದು ಕೊಟ್ಟ ಮೇಲೂ ಆ ಊರು ಅವನ ರಾಜ್ಯದೊಳಗೇ ಉಳಿಯುತ್ತಿತ್ತು. ಎಂದಮೇಲೆ ಸ್ವಾಮ್ಯವನ್ನು ಕೊಡುವುದೂ ರಾಜ್ಯವನ್ನು ಬಿಡುವುದೂ ಒಂದಲ್ಲ ಎಂಬ ತಿಳಿವು ಕನ್ನಡದಲ್ಲಿ ಶತಮಾನಗಳಿಂದ ಇದೆ, ಅದಕ್ಕೆ ಹೊಸ ಪದ ಕಟ್ಟಬೇಕಾಗಿಲ್ಲ.

ಆದ್ದರಿಂದ ಸಾರ್ವಭೌಮತ್ವಕ್ಕೆ ಬದಲಾಗಿ 'ಮೇಲೊಡೆತನ' ಬೇಡ. ಅಚ್ಚಗನ್ನಡ ಎಂಬ ಒಂದೇ ಕಾರಣಕ್ಕೆ ಅದನ್ನು ಮುಂದಿಟ್ಟವರು, ಸಾರ್ವಭೌಮತ್ವವು ಒಡೆತನದ ದೊಡ್ಡ ರೂಪ ಎಂದು ಆ ಪದವೇ ಹೇಳಿಬಿಡುತ್ತದೆ ಎಂಬುದನ್ನು ಗಮನಿಸಿಲ್ಲ. ಮಲೇಷ್ಯಾ ಅಲ್ಲಗಳೆದದ್ದೂ ಅದನ್ನೇ. ಸರ್ವಭೂಮಿಗೆ ಒಡೆಯನಾದವನು ಸಾರ್ವಭೌಮ, ಒಂದು ಬಂಡೆಗೆ ಆ ಪದ ಹೇಗೆ ಹೊಂದೀತು ಎಂಬ ಇನ್ನೊಬ್ಬರ ಆಕ್ಷೇಪವು ವ್ಯುತ್ಪತ್ತಿಯ ಮಟ್ಟಿಗೆ ಸರಿ, ಪಾಣಿನಿ ಹೇಳುವ ಅರ್ಥವೂ ಅದೇ. ಆದರೆ ಪದದ ಇಂದಿನ ಅರ್ಥವನ್ನು ನಿಶ್ಚಯಿಸುವುದು ಬಳಕೆ. ಸಂವಿಧಾನದ ಪ್ರಸ್ತಾವನೆಯನ್ನು ಶಾಲೆಯಲ್ಲಿ ಓದುವ ಮಕ್ಕಳಿಗೆ 'ಸಾರ್ವಭೌಮ' ಎಂದರೆ ಯಾರ ಅಧೀನವೂ ಅಲ್ಲದ್ದು, ಚಕ್ರವರ್ತಿ ಅಲ್ಲ.

ಕರಡಿನಲ್ಲಿರುವ 'ತಕರಾರು' ಅರಬ್ಬಿಯಿಂದ ಬಂದದ್ದು, ತೆಗೆದುಹಾಕಿ ಎಂದವರಿಗೂ ಒಂದು ಮಾತು. 'ಹಕ್ಕು' ಬಂದದ್ದೂ ಅಲ್ಲಿಂದಲೇ. ಅದನ್ನು ತೆಗೆದು ಈ ಫಲಕವನ್ನು ಬರೆದು ತೋರಿಸಲಿ. 1979ರಲ್ಲಿ ಮಲೇಷ್ಯಾ ಆ ಬಂಡೆಯನ್ನು ತನ್ನದೆಂದು ತೋರಿಸುವ ನಕ್ಷೆ ಹೊರಡಿಸಿದ್ದಕ್ಕೆ 1980ರ ಫೆಬ್ರವರಿ 14ರಂದು ಸಿಂಗಪುರ ಸಲ್ಲಿಸಿದ್ದು ತಕರಾರು. ಎರಡೂ ದೇಶಗಳು 2003ರಲ್ಲಿ ಒಪ್ಪಂದ ಮಾಡಿಕೊಂಡು ನ್ಯಾಯಾಲಯದ ಮುಂದಿಟ್ಟದ್ದು ವ್ಯಾಜ್ಯ. ಎರಡಕ್ಕೂ 'ವಿವಾದ' ಎಂದರೆ ನಡುವಿನ ಇಪ್ಪತ್ತಮೂರು ವರ್ಷ ಅಳಿಸಿಹೋಗುತ್ತದೆ.

ಮೇಡಂ, ಹೆಸರನ್ನು 'ಬಿಳಿಬಂಡೆ' ಎಂದು ಕನ್ನಡಿಸಬೇಡಿ. ಸಿಂಗಪುರದವರ ಪೋರ್ಚುಗೀಸ್ ಹೆಸರಿಗೂ ಮಲೇಷ್ಯಾದವರ 'ಬಾತು ಪುತೇ' ಎಂಬುದಕ್ಕೂ ಅರ್ಥ ಅದೇ ಆದರೂ, ಯಾರು ಯಾವ ಹೆಸರಿನಿಂದ ಕರೆದರು ಎಂಬುದು ಫಲಕದಲ್ಲಿ ಉಳಿಯಬೇಕು. ಅದೇ ತೀರ್ಪಿನಲ್ಲಿ ಮಲೇಷ್ಯಾದ ಪಾಲಿಗೆ ಬಂದ, ಹತ್ತಿರದ ಮಿಡ್ಲ್ ರಾಕ್ಸ್ ಬಂಡೆಗಳ ಹೆಸರನ್ನೂ ಹಾಗೆಯೇ ಇಡಿ. ತೀರ್ಪು ಯಾರಿಗೂ ನೇರವಾಗಿ ಕೊಡದೆ, ಯಾರ ಜಲಪ್ರದೇಶದಲ್ಲಿದೆಯೋ ಅವರದು ಎಂದ ಸೌತ್ ಲೆಡ್ಜ್‌ಗೆ ನಿಮ್ಮ ಕರಡಿನಲ್ಲಿರುವ 'ದ್ವೀಪ' ತಪ್ಪು. ಉಬ್ಬರದಲ್ಲಿ ಅದು ಮುಳುಗುತ್ತದೆ. 'ಇಳಿತದಲ್ಲಿ ಮಾತ್ರ ಕಾಣುವ ಬಂಡೆ' ಎಂದು ಬಿಡಿಸಿಯೇ ಬರೆಯಿರಿ.